ಸ್ಟೆಪ್ನಿ ಹೊರಗೆ ಬರಬೇಕು, ಅಳಿಯಾ

ಮೊದಲು ಒಂದು ಕೆಲಸ ಮಾಡು, ಆಮೇಲೆ ಮುಂದೆ ಓದು. ನೀನು ಕಳಿಸಿದ ಫೋಟೋದಲ್ಲಿ ಒಂದೇ ಚಪ್ಪಲಿ ಡಬ್ಬದೊಳಗೆ ನೇರಳೆ ಬಣ್ಣದ ಸೀಸೆಯೂ ನೀರಿನಂತಿರುವ ಇನ್ನೊಂದು ಸೀಸೆಯೂ ಒಂದಕ್ಕೊಂದು ಒರಗಿಕೊಂಡು ಕೂತಿವೆ. ಎದ್ದು ಹೋಗಿ ಎರಡನ್ನೂ ಬೇರೆ ಮಾಡು. ಬೇರೆ ಡಬ್ಬ ಸಾಲದು, ಬೇರೆ ಕಪಾಟು. ಒಂದು ಮಹಡಿ ಮೇಲಿದ್ದರೆ ಇನ್ನೊಂದು ಕೆಳಗಿರಲಿ. ಎರಡೂ ಅಡುಗೆಮನೆಯಿಂದ ದೂರ, ಬಿಸಿಲು ಬೀಳದ ಜಾಗದಲ್ಲಿರಲಿ.

ನೇರಳೆಯದು ಕೋಬಾಲ್ಟ್. ಅಂಗಡಿಯವರು ಆಕ್ಸಿಲರೇಟರ್ ಅನ್ನುತ್ತಾರೆ. ನೀರಿನಂತಿರುವುದು ಹಾರ್ಡನರ್, ಕೆಲವರ ಬಾಯಲ್ಲಿ ಅದು ಕ್ಯಾಟಲಿಸ್ಟ್, ಸೀಸೆಯ ಮೇಲೆ ಎಂಇಕೆಪಿ ಅಂತ ಇರುತ್ತದೆ. ಎರಡೂ ಫೈಬರ್ ಕೆಲಸದ ಅಂಟಾದ ರೆಸಿನ್‌ನೊಳಗೆ ಹೋದರೆ ಜೊತೆಯಾಗಿ ದುಡಿಯುತ್ತವೆ. ನಡುವೆ ರೆಸಿನ್ ಇಲ್ಲದೆ ನೇರವಾಗಿ ಕೂಡಿದರೆ ಸಿಡಿಯುತ್ತವೆ, ಬೆಂಕಿ ಹತ್ತುತ್ತದೆ. ಅದಕ್ಕೇ ಯಾವಾಗಲೂ ಮೊದಲು ಕೋಬಾಲ್ಟ್ ಹಾಕಿ, ರೆಸಿನ್‌ನಲ್ಲಿ ಅದರ ಬಣ್ಣ ಒಂದೇ ಸಮ ಹರಡುವ ತನಕ ಕಲಸಿ, ಆಮೇಲೆ ಹಾರ್ಡನರ್ ಹಾಕಬೇಕು. ಕಲಸುವ ಕಡ್ಡಿಯೂ ಅಳೆಯುವ ಮುಚ್ಚಳವೂ ಎರಡಕ್ಕೂ ಒಂದೇ ಆಗಬಾರದು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಹಾಕದೆ ಆ ಸೀಸೆಯ ಮುಚ್ಚಳ ತಿರುಗಿಸಬೇಡ. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ. ಹಾರಿದ್ದೇ ಆದರೆ ಯೋಚನೆ ಮಾಡುತ್ತ ನಿಲ್ಲದೆ ಕಡಿಮೆ ಅಂದರೂ ಹದಿನೈದು ನಿಮಿಷ ಕಣ್ಣು ತೊಳೆದುಕೊಂಡು, ನೇರ ಡಾಕ್ಟರ ಹತ್ತಿರ ಹೋಗಬೇಕು.

ಬೇರೆ ಮಾಡಿದೆಯಾ? ಸರಿ, ಈಗ ಕೂತು ಮಾತಾಡೋಣ.

ನಿಮ್ಮಮ್ಮ ಮೊನ್ನೆ ಫೋನ್ ಮಾಡಿ ಅರ್ಧ ಗಂಟೆ ದೂರು ಹೇಳಿದಳು. ಮನೆಯೆಲ್ಲ ಪೇಂಟ್ ಅಂಗಡಿ ವಾಸನೆಯಂತೆ, ಹುಡುಗ ಊಟಕ್ಕೂ ಇಳಿದು ಬರುವುದಿಲ್ಲವಂತೆ, ಕಾರಿನ ಡಿಕ್ಕಿಯಲ್ಲಿ ತಲೆ ಹಾಕಿಕೊಂಡು ಕೂತಿರುತ್ತಾನಂತೆ. ಕೊನೆಗೆ, 'ಎಲ್ಲಾ ನಿನ್ನ ಗಾಳಿ' ಅಂದಳು. ಇರಬಹುದು. ನೀನು ಆರು ವರ್ಷದವನಿದ್ದಾಗ ನನ್ನ ಅಂಗಡಿಗೆ ಬಂದು, ನಾನು ಮೆತ್ತಿಟ್ಟ ಫೈಬರ್ ಹಾಳೆಯನ್ನು ಒಣಗುವ ಮೊದಲೇ ಮುಟ್ಟಿ, ಬೆರಳೆಲ್ಲ ಅಂಟಾಗಿ ಅತ್ತಿದ್ದೆ. ಆ ಬೆರಳಿನ ಗುರುತು ಇರುವ ತುಂಡು ಬಹಳ ದಿನ ನನ್ನ ಹತ್ತಿರ ಇತ್ತು.

ಡಿಕ್ಕಿಯ ಪಕ್ಕದ ಗೋಡೆಗೆ ಹೊಂದಿಕೊಂಡಂತೆ, ಕಾರಿನ ಜೊತೆಗೇ ಬಂದಿದೆಯೇನೋ ಅನ್ನಿಸುವಂತೆ ಆಂಪ್ಲಿಫೈಯರಿಗೆ ಫೈಬರ್ ಗೂಡು ಮಾಡಬೇಕು ಅಂತ ನಿನ್ನ ಆಸೆ. ಒಳ್ಳೆಯ ಆಸೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಫೈಬರ್ ಗೂಡಿನಲ್ಲಿ ಕೂತ ಮಾತ್ರಕ್ಕೆ ಆಂಪಿನ ಧ್ವನಿ ಒಂದು ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಸಬ್ ವೂಫರಿನ ಪೆಟ್ಟಿಗೆಯ ಮಾತು ಬೇರೆ, ಅಲ್ಲಿ ಒಳಗಿನ ಗಾಳಿಯ ಅಳತೆಗೂ ಗೋಡೆಯ ಗಟ್ಟಿತನಕ್ಕೂ ಅರ್ಥ ಇದೆ. ಆಂಪಿಗೆ ಒಂದು ಹನ್ನೆರಡು ಎಂಎಂ ಪ್ಲೈವುಡ್ ಹಲಗೆ ಕೊಯ್ದು, ಮೇಲೆ ಕಾರ್ಪೆಟ್ ಅಂಟಿಸಿ, ಹಿಂದಿನ ಸೀಟಿನ ಬೆನ್ನ ಹಿಂದೆ ನಿಲ್ಲಿಸಿದರೂ ಅಷ್ಟೇ ಚೆನ್ನಾಗಿ ಹಾಡುತ್ತದೆ. ನೀನು ಮಾಡುತ್ತಿರುವುದು ಕಣ್ಣಿಗಾಗಿ, ಕೈಗಾಗಿ. ಅದೇನೂ ತಪ್ಪಲ್ಲ, ನಾನು ಮೂವತ್ತು ವರ್ಷ ಮಾಡಿದ್ದೂ ಅದೇ. ಆದರೆ ಕಣ್ಣಿಗಾಗಿ ಮಾಡುವ ಕೆಲಸದಲ್ಲೇ ಮನುಷ್ಯ ಉಳಿದದ್ದನ್ನೆಲ್ಲ ಮರೆಯುವುದು. ನಾನೂ ಮರೆತಿದ್ದೆ, ಆ ಕಥೆ ಆಮೇಲೆ ಹೇಳುತ್ತೇನೆ.

ನಾನು ಈ ವಿದ್ಯೆ ಕಲಿತದ್ದು ಹಾಡಿನ ಕಡೆಯಿಂದ ಅಲ್ಲ. ಎಂಬತ್ತರ ದಶಕದಲ್ಲಿ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ಗ್ಯಾರೇಜು ಹುಡುಗನಾಗಿದ್ದೆ. ಆಗ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಡಾಲ್ಫಿನ್ ಅನ್ನುವ ಎರಡು ಬಾಗಿಲಿನ ಪುಟ್ಟ ಕಾರು ನಿನಗೆ ಗೊತ್ತಿರಲಿಕ್ಕಿಲ್ಲ. ಸಿಪಾನಿಯವರದು. 1982ರಲ್ಲಿ ಬಂತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನುವ ಕಾರಿನದೇ ರೂಪ, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್ ಗ್ಲಾಸ್. ಫಿಯಟ್ಟಿಗೋ ಅಂಬಾಸಿಡರಿಗೋ ಗುದ್ದಿದರೆ ಟಿಂಕರಿಂಗ್‌ನವನು ಸುತ್ತಿಗೆ ಹಿಡಿದು ತಟ್ಟಿ ಸರಿ ಮಾಡುತ್ತಿದ್ದ. ಡಾಲ್ಫಿನ್ ಗುದ್ದಿದರೆ ಬಗ್ಗುತ್ತಿರಲಿಲ್ಲ, ಬಿರುಕು ಬಿಡುತ್ತಿತ್ತು. ಸುತ್ತಿಗೆ ಎತ್ತಿದ ಟಿಂಕರ್ ಹಾಗೇ ಕೆಳಗಿಟ್ಟು ನನ್ನ ಕಡೆ ನೋಡುತ್ತಿದ್ದ. ಬಿರುಕಿನ ಹಿಂದಿನಿಂದ ಉಜ್ಜಿ, ಗಾಜಿನ ನಾರಿನ ಮ್ಯಾಟ್ ಇಟ್ಟು, ರೆಸಿನ್ ಕುಡಿಸಿ ಬೆಸೆಯುವುದು ಹುಡುಗರ ಕೆಲಸ ಅಂತ ನನಗೆ ಬಿಟ್ಟಿದ್ದರು. ಮಾರುತಿ ಬಂದ ಮೇಲೆ ಡಾಲ್ಫಿನ್ ಹೆಚ್ಚು ಕಾಲ ನಿಲ್ಲಲಿಲ್ಲ. ಕೈಗೆ ಹತ್ತಿದ ವಿದ್ಯೆ ಮಾತ್ರ ಉಳಿಯಿತು.

ಇನ್ನೂ ಹಿಂದಕ್ಕೆ ಹೋದರೆ, ಈ ಕೆಲಸವನ್ನು ನಾನು ಮೊದಲು ನೋಡಿದ್ದು ನಿನ್ನ ಮುತ್ತಜ್ಜಿಯ ಕೈಯಲ್ಲಿ. ಹಳೇ ಕಾಗದವನ್ನು ಮೂರು ದಿನ ನೆನೆಸಿ, ಮೆಂತ್ಯ ಸೇರಿಸಿ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಮಡಕೆಯ ಮೇಲೆ ಬೂದಿ ಉದುರಿಸಿ, ಅದರ ಮೇಲೆ ಆ ಹಿಟ್ಟನ್ನು ತಟ್ಟುತ್ತಿದ್ದಳು. ಒಣಗಿದ ಮೇಲೆ ತಟ್ಟನೆ ಎತ್ತಿದರೆ ಕಾಗದದ ಬುಟ್ಟಿ. ಫೈಬರ್ ಕೆಲಸ ಪೂರ್ತಿ ಇದರಲ್ಲೇ ಇದೆ. ಕಾಗದದ ನಾರಿನ ಜಾಗದಲ್ಲಿ ಗಾಜಿನ ನಾರು, ಮೆಂತ್ಯದ ಜಾಗದಲ್ಲಿ ರೆಸಿನ್, ಬೂದಿಯ ಜಾಗದಲ್ಲಿ ಮೇಣ. ನಾರು ಎಳೆತ ತಡೆಯುತ್ತದೆ, ಅಂಟು ಅದನ್ನು ಹಿಡಿದು ನಿಲ್ಲಿಸುತ್ತದೆ. ಬರೀ ಅಂಟು ಒಣಗಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಅದಕ್ಕೇ ರೆಸಿನ್ ಜಾಸ್ತಿ ಸುರಿದಷ್ಟೂ ಗಟ್ಟಿ ಅಂದುಕೊಳ್ಳಬೇಡ.

ಅಜ್ಜಿ ಇನ್ನೊಂದು ಗುಟ್ಟು ತಿಳಿದಿದ್ದಳು. ಹಿಟ್ಟನ್ನು ಮಡಕೆಯ ತಳದಿಂದ ಹೊಟ್ಟೆಯ ತನಕ ಮಾತ್ರ ತಟ್ಟುತ್ತಿದ್ದಳು. ಹೊಟ್ಟೆಯ ಅಗಲ ದಾಟಿ ಕಂಠದ ಕಡೆಗೆ ಎರಡು ಬೆರಳು ಹೋದರೂ ಬುಟ್ಟಿ ಮಡಕೆ ಬಿಡುವುದಿಲ್ಲ, ಒಂದನ್ನು ಒಡೆಯಲೇಬೇಕು. ನಿನ್ನ ಡಿಕ್ಕಿಯಲ್ಲೂ ಅಂಥ ಕಂಠಗಳಿವೆ. ಚಕ್ರದ ಉಬ್ಬಿನ ಹಿಂದೆ, ಟೈಲ್ ಲ್ಯಾಂಪಿನ ಕೆಳಗಿನ ಗುಳಿಯಲ್ಲಿ, ಬಾಗಿಲಿನ ರಬ್ಬರಿನ ತುಟಿಯ ಒಳಗಡೆ. ಅಲ್ಲಿಗೆಲ್ಲ ಮ್ಯಾಟ್ ಇಳಿಸಿ ಕೂರಿಸಿದೆಯೋ, ಗಟ್ಟಿಯಾದ ಮೇಲೆ ನಿನ್ನ ಗೂಡು ಕಾರಿನ ಸೊತ್ತು. ಒಳಕ್ಕೆ ಬಾಗುವ ಪ್ರತಿ ಗುಳಿಗೂ ಮೊದಲೇ ರಟ್ಟು ತುರುಕಿ, ಮೇಲೆ ಟೇಪು ಹಾಕಿ ನೇರ ಮಾಡಿಕೊ. ಕಣ್ಣು ಮುಚ್ಚಿಕೊಂಡು, ಗೂಡನ್ನು ಯಾವ ದಿಕ್ಕಿಗೆ ಎಳೆದು ತೆಗೆಯುತ್ತೀಯ ಅಂತ ಯೋಚಿಸು. ಆ ದಿಕ್ಕಿಗೆ ಎಲ್ಲ ಗೋಡೆಗಳೂ ಸ್ವಲ್ಪ ಸ್ವಲ್ಪ ಅಗಲವಾಗುತ್ತ ಬರಬೇಕು.

ಈಗ ನನ್ನ ಕಥೆ. 2001ರ ಸುಮಾರಿಗೆ ಒಬ್ಬರು ಎಸ್ಟೀಮ್ ಕಾರು ತಂದಿದ್ದರು. ಡಿಕ್ಕಿಯಲ್ಲಿ ಎರಡು ಆಂಪು, ನಡುವೆ ಸಬ್ ವೂಫರು. ನನಗೆ ಆಗ ಕೈ ಚುರುಕು, ಹೆಸರೂ ಬರುತ್ತಿತ್ತು. ಹದಿನೈದು ದಿನ ಹಗಲು ರಾತ್ರಿ ಕೂತು, ಈ ಗೋಡೆಯಿಂದ ಆ ಗೋಡೆಯ ತನಕ ಒಂದೇ ಎರಕ ಹೊಯ್ದಂಥ ಫೈಬರ್ ಮಾಡಿದೆ. ಒಂದು ಸ್ಕ್ರೂ ಕಾಣಿಸುತ್ತಿರಲಿಲ್ಲ. ಜೋಡಣೆಯ ಗೆರೆಗಳನ್ನು ಪುಟ್ಟಿ ಹಚ್ಚಿ ಮುಚ್ಚಿ, ಉಜ್ಜಿ, ಕಾರಿನದೇ ಬಣ್ಣ ಹೊಡೆದಿದ್ದೆ. ಅಕ್ಕಪಕ್ಕದ ಅಂಗಡಿಯವರು ಬಂದು ಬಂದು ನೋಡಿಹೋದರು. ಅದರ ಕೆಳಗೆ ನೆಲದ ಗುಂಡಿಯಲ್ಲಿ ಸ್ಟೆಪ್ನಿ ಮಲಗಿತ್ತು, ಜಾಕೂ ಅಲ್ಲೇ ಇತ್ತು. ಅವರಿಗೂ ಅದು ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ತಿಂಗಳ ಮೇಲೆ ಅವರು ಹೆಂಡತಿ ಮಕ್ಕಳ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದಾರೆ. ಚಾರ್ಮಾಡಿ ಘಾಟಿಯಲ್ಲಿ ರಾತ್ರಿ, ಜಡಿಮಳೆ, ಟೈರು ಪಂಕ್ಚರು. ಡಿಕ್ಕಿ ತೆಗೆದರೆ ಥಳಥಳ ಹೊಳೆಯುವ ನನ್ನ ಕೆಲಸ. ಸ್ಟೆಪ್ನಿಗೆ ದಾರಿ ಇಲ್ಲ. ಯಾರೋ ಲಾರಿಯವರು ನಿಲ್ಲಿಸಿ ಕಬ್ಬಿಣದ ಹಾರೆ ಕೊಟ್ಟರಂತೆ. ಮುಂದಿನ ವಾರ ಅವರು ಅಂಗಡಿಗೆ ಬಂದು, ಒಂದು ಗೋಣಿಚೀಲ ತಂದು ನನ್ನ ಮೇಜಿನ ಮೇಲೆ ಸುರಿದರು. ಬೈಯಲಿಲ್ಲ, ದುಡ್ಡು ವಾಪಸ್ ಕೇಳಲಿಲ್ಲ. 'ಚೆನ್ನಾಗಿ ಗಟ್ಟಿ ಮಾಡಿದ್ರಿ, ಒಡೆಯೋಕೆ ಮುಕ್ಕಾಲು ಗಂಟೆ ಹಿಡೀತು' ಅಂದು ಹೋದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಅವತ್ತಿನಿಂದ ನಾನು ಯಾವ ಕಾರಿಗೆ ಕೈ ಹಾಕಿದರೂ ಮೊದಲು ಸ್ಟೆಪ್ನಿ ಹೊರಗೆ ತೆಗೆದು ನೆಲದ ಮೇಲಿಟ್ಟು, ಆಮೇಲೆ ಅಳತೆ ಶುರು ಮಾಡುತ್ತಿದ್ದೆ. ನಿನಗೂ ಅದನ್ನೇ ಹೇಳುವುದು. ಏನೇನು ಹೊರಗೆ ಬರಬೇಕು ಅಂತ ಮೊದಲು ಪಟ್ಟಿ ಮಾಡು. ಸ್ಟೆಪ್ನಿ, ಜಾಕು, ಟೈಲ್ ಲ್ಯಾಂಪಿನ ಬಲ್ಬು. ಆಂಪು ಕೆಟ್ಟರೆ ಆಂಪು. ಅದರ ಫ್ಯೂಸು. ಗೇನ್ ತಿರುಗಿಸುವ ಸಣ್ಣ ಸ್ಕ್ರೂ, ಅದಕ್ಕೆ ಸ್ಕ್ರೂ ಡ್ರೈವರು ನೇರವಾಗಿ ಹೋಗಬೇಕು. ಈ ಪಟ್ಟಿಯಲ್ಲಿ ನೀನು ಬರೆಯಲು ಮರೆಯುವಂಥದ್ದು ಒಂದಿದೆ, ಶಾಖ.

ಶಾಖದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸುಂದರವಾದ ಗೂಡುಗಳಲ್ಲಿ ಆಂಪು ಸಾಯುವುದು ಇದರಿಂದಲೇ. ನಿನ್ನ ನಾಲ್ಕು ಚಾನೆಲ್ಲಿನ ಆಂಪು ಎಬಿ ಕ್ಲಾಸಿನದು ಅಂದೆಯಲ್ಲ. ಅದು ಬ್ಯಾಟರಿಯಿಂದ ಎಳೆದುಕೊಂಡ ಕರೆಂಟಿನಲ್ಲಿ, ಜೋರಾಗಿ ಹಾಡುವಾಗಲೂ, ಹೆಚ್ಚೂಕಡಿಮೆ ಅರ್ಧವನ್ನೇ ಸ್ಪೀಕರಿಗೆ ಕೊಡುವುದು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಸ್ಪೀಕರಿಗೆ 200 ವ್ಯಾಟ್ ಹೋಗುತ್ತಿದ್ದರೆ, ಹಳೇ ಕಾಲದ 100 ವ್ಯಾಟಿನ ಬಲ್ಬು ಒಂದೂವರೆ ಎರಡು ಆ ಗೂಡಿನೊಳಗೆ ಉರಿಯುತ್ತಿವೆ ಅಂತ ಇಟ್ಟುಕೊ. ಡಿ ಕ್ಲಾಸಿನದಾದರೆ ನೂರಕ್ಕೆ ಎಂಬತ್ತರ ಮೇಲೆ ಕೆಲಸಕ್ಕೆ ಬರುತ್ತದೆ, ಬಿಸಿ ಕಡಿಮೆ. ಆಂಪಿನ ಮೈಯನ್ನು ಅಲ್ಯೂಮಿನಿಯಂನಲ್ಲಿ ಗೆರೆಗೆರೆಯಾಗಿ ಮಾಡಿರುವುದು ಅಂದಕ್ಕಲ್ಲ, ಆ ಬಿಸಿಯನ್ನು ಗಾಳಿಗೆ ಕೊಡಲು. ಅದರ ಸುತ್ತ ನೀನು ಫೈಬರ್ ಕಟ್ಟುತ್ತೀಯ. ಫೈಬರ್ ಅಂದರೆ ಶಾಖದ ಲೆಕ್ಕದಲ್ಲಿ ಕಂಬಳಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಅದರೊಳಗೊಂದು ಕಂಬಳಿ, ಕಂಬಳಿಯೊಳಗೆ ಎರಡು ಬಲ್ಬು.

ಆಂಪಿನ ಸುತ್ತಲೂ ಕಡಿಮೆ ಅಂದರೂ ಎರಡು ಇಂಚು ಖಾಲಿ ಬಿಡು. ತಲೆಕೆಳಗಾಗಿ ಮಾತ್ರ ಎಂದೂ ಕೂರಿಸಬೇಡ, ಬಿಸಿಗಾಳಿ ಮೇಲೇಳುತ್ತದೆ, ತಲೆಕೆಳಗಾದರೆ ಅದು ಮತ್ತೆ ಆಂಪಿನ ಹೊಟ್ಟೆಗೇ ಹೋಗುತ್ತದೆ. ನಿಲ್ಲಿಸಿ ಕೂರಿಸುವುದಾದರೆ ಆ ಗೆರೆಗಳು ಮೇಲೆ ಕೆಳಗೆ ನಿಲ್ಲುವ ಹಾಗಿರಲಿ, ಗಾಳಿ ಅವುಗಳ ಸಂದಿಯಲ್ಲೇ ಏರಿಹೋಗುತ್ತದೆ. ಗೂಡಿನ ಕೆಳಗೊಂದು ಕಂಡಿ, ಮೇಲೊಂದು ಕಂಡಿ ಇರಲೇಬೇಕು. ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರಿಗೆ ಹಾಕುವ 12 ವೋಲ್ಟಿನ ಸಣ್ಣ ಫ್ಯಾನು ಸಿಗುತ್ತದೆ, 80 ಎಂಎಂದು. ಎರಡು ತಗೊ. ಒಂದು ಒಳಕ್ಕೆ ಊದಲಿ, ಇನ್ನೊಂದು ಹೊರಕ್ಕೆ ಎಳೆಯಲಿ. ಎರಡೂ ಒಳಕ್ಕೇ ಊದುವ ಹಾಗೆ ಹಾಕಿ, ಫ್ಯಾನ್ ಇದ್ದರೂ ಬಿಸಿಯಾಗುತ್ತದೆ ಅಂತ ನನ್ನ ಹತ್ತಿರ ಬಂದವರು ಎಷ್ಟೋ ಜನ.

ಇನ್ನು ಕೈ ಕೆಲಸ. ಮೊದಲು ರಟ್ಟು. ಫ್ರಿಜ್ಜೋ ಟಿವಿಯೋ ಬಂದ ಡಬ್ಬ ಕತ್ತರಿಸಿ, ಡಿಕ್ಕಿಯೊಳಗೆ ಗೂಡಿನ ಆಕಾರ ನಿಲ್ಲಿಸಿ ನೋಡು. ಆಂಪು ಕೂರಿಸು, ತಂತಿ ಚುಚ್ಚು, ಡಿಕ್ಕಿ ಮುಚ್ಚು, ಒಂದು ವಾರ ಹಾಗೇ ಓಡಾಡು. ನಿಮ್ಮಮ್ಮನನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ತರಕಾರಿ ಚೀಲ ಇಟ್ಟು ನೋಡು. ರಟ್ಟನ್ನು ಹತ್ತು ಸಲ ಕತ್ತರಿಸಿದರೂ ನಷ್ಟ ಇಲ್ಲ. ರೆಸಿನ್ ಕಲಸಿದ ಮೇಲೆ ನಿನಗೆ ಇರುವುದು ಹದಿನೈದು ಇಪ್ಪತ್ತು ನಿಮಿಷ. ಆಗ ಯೋಚನೆ ಮಾಡುವವನು ಕೆಟ್ಟ.

ಆಕಾರ ಒಪ್ಪಿತು ಅಂದಮೇಲೆ ಕಾರ್ಪೆಟ್ ತೆಗೆದು, ತಗಡಿನ ಮೇಲೆ ಮಾಸ್ಕಿಂಗ್ ಟೇಪನ್ನು ಎರಡು ಮೂರು ಪದರ, ಒಂದರ ಮೇಲೊಂದು ಅಡ್ಡಡ್ಡವಾಗಿ ಅಂಟಿಸು. ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್, ಅದರ ಮೇಲೆ ಮೇಣ. ಡಿಕ್ಕಿಯ ಉಳಿದ ಭಾಗ, ಹಿಂದಿನ ಸೀಟು, ಬಂಪರು ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ. ರೆಸಿನ್ ತೊಟ್ಟಿಕ್ಕಿದ ಜಾಗ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ. ಕಾರಿನೊಳಗೆ ಮೊದಲ ಎರಡು ಪದರ ಮಾತ್ರ ಹಾಕು. ಗಟ್ಟಿಯಾದ ಮೇಲೆ ಆ ತೆಳು ಚಿಪ್ಪನ್ನು ಎತ್ತಿ ಹೊರಗೆ ತಂದು, ಉಳಿದ ಪದರಗಳನ್ನು ಬಯಲಲ್ಲಿ ಹಾಕು. ಕಾರಿನೊಳಗೆ ಬಗ್ಗಿಕೊಂಡು ಆ ಹೊಗೆ ಕುಡಿಯುತ್ತ ಪೂರ್ತಿ ಕೆಲಸ ಮುಗಿಸುವ ಶೂರತನ ಬೇಡ. ರೆಸಿನ್‌ನಲ್ಲಿ ನೂರಕ್ಕೆ ನಲವತ್ತರ ಸುಮಾರು ಸ್ಟೈರೀನ್ ಇರುತ್ತದೆ, ನಿಮ್ಮಮ್ಮ ದೂರಿದ ವಾಸನೆ ಅದೇ. ತಲೆ ಸುತ್ತುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಕೊರೊನಾ ಕಾಲದ ಮಾಸ್ಕು ಧೂಳಿಗೆ ಆದೀತು, ಈ ವಾಸನೆಗೆ ಆಗದು. ಎರಡು ಕಡೆ ಇದ್ದಿಲಿನ ಡಬ್ಬಿ ಇರುವ ಮಾಸ್ಕು ಬರುತ್ತದೆ, ಪೇಂಟ್ ಹೊಡೆಯುವವರು ಹಾಕುತ್ತಾರಲ್ಲ, ಅದನ್ನು ತಗೊ.

ಲೆಕ್ಕ ಹೀಗೆ. ಅಂಗಡಿಯಲ್ಲಿ 450 ಅಂತ ಕೇಳಿದರೆ ಕೊಡುವ ಮ್ಯಾಟು ಚದರ ಮೀಟರಿಗೆ 450 ಗ್ರಾಂ ತೂಗುತ್ತದೆ. ಮೂಲೆ ಮುರುಕು ಜಾಸ್ತಿ ಇದ್ದರೆ 300ರದ್ದು ಚೆನ್ನಾಗಿ ಬಗ್ಗುತ್ತದೆ. ಮ್ಯಾಟಿನ ತೂಕದ ಎರಡರಷ್ಟು, ಎರಡೂಕಾಲರಷ್ಟು ರೆಸಿನ್ ಹಿಡಿಯುತ್ತದೆ. 450ರ ಒಂದು ಚದರ ಮೀಟರಿಗೆ ಒಂದು ಕಿಲೋ ಅಂದುಕೊ. ಒಂದು ಪದರಕ್ಕೆ ಸುಮಾರು ಒಂದು ಎಂಎಂ ದಪ್ಪ ಬರುತ್ತದೆ. ಆಂಪು ಹೊರುವ ಗೂಡಿಗೆ ನಾಲ್ಕು ಪದರ ಬೇಕು. ಹಾರ್ಡನರ್ ನೂರಕ್ಕೆ ಒಂದರಿಂದ ಎರಡು, ಅಂದರೆ ಕಿಲೋ ರೆಸಿನ್‌ಗೆ ಹತ್ತರಿಂದ ಇಪ್ಪತ್ತು ಎಂಎಲ್. ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ ಸಿರಿಂಜು ತಂದು ಅಳೆ. ಅಂದಾಜಿನಲ್ಲಿ ಸುರಿಯುವುದು ನನ್ನಂಥವರಿಗೆ, ಅದೂ ನಾನು ಎಷ್ಟು ಸಲ ಕೆಡಿಸಿಕೊಂಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಕೋಬಾಲ್ಟ್ ಎಷ್ಟು ಅನ್ನುವುದು ಅದರ ಗಟ್ಟಿತನದ ಮೇಲೆ ಹೋಗುತ್ತದೆ, ರೆಸಿನ್ ಕೊಟ್ಟ ಅಂಗಡಿಯಲ್ಲೇ ಕೇಳು. ಕೆಲವು ರೆಸಿನ್‌ಗೆ ಮೊದಲೇ ಹಾಕಿರುತ್ತಾರೆ, ಅದನ್ನೂ ಕೇಳಿಕೊ.

ಒಂದು ಸಲಕ್ಕೆ ಮುನ್ನೂರು ನಾನೂರು ಗ್ರಾಂಗಿಂತ ಜಾಸ್ತಿ ಕಲಸಬೇಡ. ರೆಸಿನ್ ಗಟ್ಟಿಯಾಗುವಾಗ ತಾನೇ ಕಾಯುತ್ತದೆ. ಮ್ಯಾಟಿನ ಮೇಲೆ ತೆಳುವಾಗಿ ಹರಡಿದ್ದರೆ ಆ ಕಾವು ಹಾರಿಹೋಗುತ್ತದೆ. ಮಗ್ಗಿನಲ್ಲಿ ಒಟ್ಟಾಗಿ ಉಳಿದರೆ ಕುದಿಯುತ್ತದೆ, ಹೊಗೆ ಬರುತ್ತದೆ, ಮಗ್ಗೇ ಕರಗುತ್ತದೆ. ಹಾಗೇನಾದರೂ ಬಿಸಿಯೇರಿತು ಅನ್ನಿಸಿದರೆ ಅಂಗಳಕ್ಕೆ ಒಯ್ದು ಮರಳಿನ ಮೇಲಿಟ್ಟು ದೂರ ನಿಲ್ಲು. ಚರಂಡಿಗೆ ಸುರಿಯಬೇಡ. ಏಪ್ರಿಲ್ ಮಧ್ಯಾಹ್ನ ಮಾಡಿದರೆ ಇಪ್ಪತ್ತು ನಿಮಿಷ ಇರುವುದು ಹತ್ತಾಗುತ್ತದೆ, ಡಿಸೆಂಬರ್ ಬೆಳಗ್ಗೆ ಮಾಡಿದರೆ ಗಂಟೆಯಾದರೂ ಅಂಟಂಟು. ಈ ಜುಲೈ ತುಂತುರಿನಲ್ಲಿ ಮ್ಯಾಟು ತೇವ ಹೀರುತ್ತದೆ. ಉರುಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿರು, ಬಿಸಿಲು ಕಂಡ ದಿನ ನೋಡಿ ಕೆಲಸಕ್ಕೆ ಕೂರು.

ಬ್ರಷ್ಷಿನಿಂದ ಗೋಡೆಗೆ ಸುಣ್ಣ ಬಳಿದ ಹಾಗೆ ಎಳೆಯಬೇಡ, ನಾರು ಎದ್ದು ಬರುತ್ತದೆ. ಬ್ರಷ್ಷಿನ ತುದಿಯಿಂದ ಕುಟ್ಟಬೇಕು, ಟಪ್ ಟಪ್ ಅಂತ. ಬೆಳ್ಳಗಿದ್ದ ಮ್ಯಾಟು ರೆಸಿನ್ ಕುಡಿದಂತೆ ಕಣ್ಣೆದುರೇ ಮಾಯವಾಗುತ್ತದೆ. ನನಗೆ ಇವತ್ತಿಗೂ ಈ ಕೆಲಸದಲ್ಲಿ ಅತೀ ಇಷ್ಟದ ಗಳಿಗೆ ಅದು. ಎಲ್ಲಾದರೂ ಬಿಳಿ ಉಳಿದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ಅರ್ಥ, ಅಲ್ಲೇ ಮುಂದೆ ಬಿರುಕು ಬರುವುದು. ಮೂಲೆಗಳಲ್ಲಿ ಹೆಚ್ಚು ಕುಟ್ಟು. ಮ್ಯಾಟನ್ನು ಕತ್ತರಿಯಿಂದ ಕತ್ತರಿಸುವ ಬದಲು ಕೈಯಿಂದ ಹರಿದರೆ ಅಂಚು ಪಕ್ಕದ ತುಂಡಿನ ಜೊತೆ ಬೆರೆತುಹೋಗುತ್ತದೆ.

ಯಾರೋ ನಿನಗೆ ಥರ್ಮಾಕೋಲ್ ಕೊಯ್ದು ಆಕಾರ ಮಾಡಿ ಅದರ ಮೇಲೆ ಹಚ್ಚು ಅಂದಿದ್ದಾರಂತೆ. ಬರೀ ಥರ್ಮಾಕೋಲ್ ಮೇಲೆ ಈ ರೆಸಿನ್ ಬಿದ್ದರೆ ಬಿಸಿ ದೋಸೆ ಮೇಲಿನ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಟೇಪಿನಿಂದ ಪೂರ್ತಿ ಮುಚ್ಚಿದರೆ ಆದೀತು, ಒಂದು ತೂತು ಬಿಟ್ಟರೂ ಒಳಗೆ ಪೊಳ್ಳು. ಎಪಾಕ್ಸಿ ಆದರೆ ಕರಗಿಸುವುದಿಲ್ಲ, ವಾಸನೆಯೂ ಕಡಿಮೆ. ಆದರೆ ಈ ಮ್ಯಾಟಿನ ನಾರನ್ನು ಹಿಡಿದಿಟ್ಟಿರುವ ಅಂಟು ಸ್ಟೈರೀನಿಗೆ ಕರಗುವಂಥದ್ದು, ಎಪಾಕ್ಸಿಗೆ ಸರಿಯಾಗಿ ನೆನೆಯುವುದಿಲ್ಲ. ಎಪಾಕ್ಸಿಗೆ ನೇಯ್ದ ಗಾಜಿನ ಬಟ್ಟೆ ಬೇಕು. ಒಂದರ ಮ್ಯಾಟು, ಇನ್ನೊಂದರ ಅಂಟು ಅಂತ ಬೆರಸಲು ಹೋಗಬೇಡ. ಮುಂದಿನ ಭಾಗಕ್ಕೆ ಬಳುಕಿನ ಆಕಾರ ಬೇಕಿದ್ದರೆ ಪ್ಲೈವುಡ್ಡಿನ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ಹಿಗ್ಗುವ ಬಟ್ಟೆಯನ್ನು ಹರಿಗೋಲಿಗೆ ತೊಗಲು ಬಿಗಿದ ಹಾಗೆ ಎಳೆದು ಪಿನ್ನು ಹೊಡೆ. ಬಟ್ಟೆಗೆ ರೆಸಿನ್ ಕುಡಿಸಿ, ಗಟ್ಟಿಯಾದ ಮೇಲೆ ಹಿಂದಿನಿಂದ ಮ್ಯಾಟು ಹಚ್ಚು. ಆ ಬಳುಕನ್ನು ನೀನು ಗೀಚಿ ತರಲಾರೆ, ಬಟ್ಟೆ ತಾನೇ ಕಂಡುಕೊಳ್ಳುತ್ತದೆ.

ಆಂಪಿನ ಸ್ಕ್ರೂವನ್ನು ಬರೀ ಫೈಬರಿಗೆ ಹಾಕಬೇಡ. ಕಾರಿನ ಕುಲುಕಾಟಕ್ಕೆ ತೂತು ದೊಡ್ಡದಾಗಿ ಆರು ತಿಂಗಳಲ್ಲಿ ಸಡಿಲವಾಗುತ್ತದೆ. ಎರಡನೇ ಮೂರನೇ ಪದರದ ನಡುವೆ ಪ್ಲೈವುಡ್ ತುಂಡು ಇಟ್ಟು, ಅದರ ಹಿಂದೆ ಟೀ ನಟ್ಟು ಕೂರಿಸಿ, ಅದರ ಮೇಲೆ ಮ್ಯಾಟು ಮುಚ್ಚು. ರೆಸಿನ್ ಮರೆಯಲ್ಲಿ ನಟ್ಟಿನೊಳಕ್ಕೆ ಇಳಿಯದ ಹಾಗೆ ಬಾಯಿಗೆ ಮೇಣ ತುಂಬು. ಹೀಗೆ ಮಾಡಿದರೆ ಬೋಲ್ಟು ನೂರು ಸಲ ತೆಗೆದರೂ ಹಾಕಿದರೂ ಜಗ್ಗದು. ಗೂಡನ್ನು ಕಾರಿಗೆ ಬಿಗಿಯಲು ಡಿಕ್ಕಿಯ ನೆಲಕ್ಕೆ ಕಣ್ಣು ಮುಚ್ಚಿ ಡ್ರಿಲ್ ಇಳಿಸಬೇಡ. ಮೊದಲು ಕಾರಿನ ಅಡಿಗೆ ತೆವಳಿ, ಪೆಟ್ರೋಲ್ ಟ್ಯಾಂಕು ಎಲ್ಲಿದೆ, ಬ್ರೇಕಿನ ಪೈಪು ಎಲ್ಲಿ ಹೋಗಿದೆ ನೋಡು. ಕಂಪನಿಯವರೇ ಕೊಟ್ಟ ಬೋಲ್ಟಿನ ತೂತುಗಳು ಡಿಕ್ಕಿಯಲ್ಲಿ ಐದಾರಾದರೂ ಇರುತ್ತವೆ, ಅವೇ ಸಾಕು. ಸೀಟ್ ಬೆಲ್ಟಿನ ಬೋಲ್ಟು ಮಾತ್ರ ಮುಟ್ಟಬೇಡ.

ತಂತಿಯ ಬಗ್ಗೆ ನಿನಗೇ ಗೊತ್ತಿದೆ, ಓದಿದವನು. ಎರಡು ಮಾತು ಮಾತ್ರ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಮುಖ್ಯ ಫ್ಯೂಸು ಇರಲಿ, ಅದು ಆಂಪಿನ ರಕ್ಷಣೆಗಲ್ಲ, ಬ್ಯಾಟರಿಯಿಂದ ಡಿಕ್ಕಿಯ ತನಕ ಓಡುವ ಅಷ್ಟುದ್ದದ ತಂತಿ ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಕಾರು ಸುಡದಿರಲಿ ಅಂತ. ಗ್ರೌಂಡ್ ತಂತಿ ಗಿಡ್ಡವಾಗಿರಲಿ, ಪೇಂಟು ಕೆರೆದು ಹೊಳೆಯುವ ತಗಡಿಗೆ ಬಿಗಿ. ಹಾಡಿನ ಜೊತೆ ಎಂಜಿನ್ನು ಕುಂಯ್‌ಗುಟ್ಟುತ್ತದೆ ಅಂತ ಬಂದ ಕಾರುಗಳಲ್ಲಿ ನಾನು ಮೊದಲು ನೋಡುತ್ತಿದ್ದದ್ದು ಅದೇ ಜಾಗ.

ಉಜ್ಜುವ ದಿನ ಉದ್ದ ತೋಳಿನ ಅಂಗಿ ಹಾಕು, ಕುತ್ತಿಗೆ ಕೈಗೆ ಪೌಡರ್ ಹಚ್ಚಿಕೊ. ಮುಗಿದ ಮೇಲೆ ತಣ್ಣೀರಲ್ಲಿ ಸ್ನಾನ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕಬೇಡ. ನಾನು ಮದುವೆಯಾದ ಹೊಸದರಲ್ಲಿ ಹಾಕಿ, ನಿನ್ನ ಅತ್ತೆ ಒಂದು ವಾರ ಮೈ ಕೆರೆದುಕೊಂಡು ಓಡಾಡಿದ್ದಾಳೆ. ಈಗಲೂ ಜಗಳ ಬಂದರೆ ಅಲ್ಲಿಂದಲೇ ಶುರು. ಉಜ್ಜುವ ಕಾಗದ 80ರಿಂದ ಶುರು ಮಾಡಿ 120, 220 ಅಂತ ಏರು. ಪುಟ್ಟಿ ತೆಳ್ಳಗೆ ಹಚ್ಚು, ಗುಂಡಿ ದೊಡ್ಡದಿದ್ದರೆ ಅದಕ್ಕೆ ಪುಟ್ಟಿಯಲ್ಲ, ಇನ್ನೊಂದು ತುಂಡು ಮ್ಯಾಟು ಬೇಕು. ಬಣ್ಣ ಹೊಡೆಯುವ ಅವಸರ ಬೇಡ. ಗೂಡನ್ನು ನಾಲ್ಕೈದು ದಿನ ಬಿಸಿಲಿಗಿಡು, ಒಳಗಿನ ಸ್ಟೈರೀನ್ ಎಲ್ಲ ಹೋಗಲಿ. ಹಸಿ ಇರುವಾಗಲೇ ಬಣ್ಣ ಹೊಡೆದು ಡಿಕ್ಕಿಯಲ್ಲಿಟ್ಟರೆ ಕಾವಿಗೆ ಮೆತ್ತಗಾಗಿ ಸೊಟ್ಟ ತಿರುಗುತ್ತದೆ. ಬಣ್ಣದ ಬದಲು ಕಾರ್ಪೆಟ್ ಅಂಟಿಸಿದರೂ ಬಹಳ ಚೆನ್ನಾಗಿ ಕಾಣುತ್ತದೆ, ತಪ್ಪುಗಳೂ ಮುಚ್ಚಿಹೋಗುತ್ತವೆ. ನೀನು ಒಪ್ಪುವುದಿಲ್ಲ ಅಂತ ಗೊತ್ತು, ನಿನ್ನ ವಯಸ್ಸಿನಲ್ಲಿ ನಾನೂ ಒಪ್ಪಿರಲಿಲ್ಲ.

ಭಾನುವಾರ ಬೆಳಗ್ಗೆ ಕಾರು ತಗೊಂಡು ಬಾ, ತಿಂಡಿ ಇಲ್ಲೇ. ಶೆಡ್ಡಿನಲ್ಲಿ ನನ್ನ ಹಳೇ ರೋಲರುಗಳಿವೆ, ಅಸಿಟೋನಿನಲ್ಲಿ ತೊಳೆದಿಟ್ಟಿದ್ದೇನೆ. ರಟ್ಟಿನ ಅಚ್ಚನ್ನು ಬಿಚ್ಚದೆ ಹಾಗೇ ತಾ, ಎಲ್ಲೆಲ್ಲಿ ಕಂಠ ಸಿಕ್ಕಿಹಾಕಿಕೊಳ್ಳುತ್ತದೆ ಒಟ್ಟಿಗೆ ನೋಡೋಣ. ಹೊರಡುವ ಮೊದಲು ಸ್ಟೆಪ್ನಿ ಒಂದು ಸಲ ಹೊರಗೆ ತೆಗೆದು, ಅದರಲ್ಲಿ ಗಾಳಿ ಇದೆಯೋ ಇಲ್ಲವೋ ನೋಡಿಕೊಂಡು ಬಾ. ನೀನು ಕಾರು ಕೊಂಡ ದಿನದಿಂದ ಅದನ್ನು ಯಾರೂ ಮುಟ್ಟಿಲ್ಲ ಅಂತ ನನ್ನ ಅನುಮಾನ.